ಕೈಗಾ ಮತ್ತು ಚೆರ್ನೋಬಿಲ್: ನಾಮಸಾಮ್ಯವೂ ವಸ್ತುಭೇದವೂ

ವೈಶೇಷಿಕ ದರ್ಶನದಲ್ಲಿ ಪರಮಾಣುವೆಂಬುದು ನಿರವಯವವಾದುದು; ಅದನ್ನು ಒಡೆಯಲಾಗದು. ಇಂದಿನ ಭೌತವಿಜ್ಞಾನದಲ್ಲಿ ಅದೇ ಶಬ್ದದಿಂದ ವ್ಯವಹರಿಸಲ್ಪಡುವ ವಸ್ತುವಾದರೋ ಒಡೆಯುವುದರಿಂದಲೇ ಶಕ್ತಿಯನ್ನು ಕೊಡುತ್ತದೆ. ಶಬ್ದವೊಂದೇ ಆದ ಮಾತ್ರಕ್ಕೆ ಅರ್ಥವೂ ಒಂದೇ ಎನ್ನುವಂತಿಲ್ಲ. ಪರಮಾಣು ವಿದ್ಯುತ್ಕೇಂದ್ರಗಳ ಇತಿಹಾಸವನ್ನು ವಿಚಾರಿಸುವಾಗಲೂ ಈ ಎಚ್ಚರಿಕೆ ಅವಶ್ಯಕ. ಕೈಗಾ ಕೇಂದ್ರವನ್ನು ಚೆರ್ನೋಬಿಲ್ಲಿನೊಡನೆ ಹೋಲಿಸುವುದುಂಟಷ್ಟೆ. ಆ ಹೋಲಿಕೆ ಎಷ್ಟರಮಟ್ಟಿಗೆ ಸಾಧುವೆಂಬುದೇ ಇಲ್ಲಿನ ವಿಚಾರ.

ಚೆರ್ನೋಬಿಲ್ ಕೇಂದ್ರವು ಆಗ ಸೋವಿಯತ್ ಒಕ್ಕೂಟಕ್ಕೆ ಸೇರಿದ್ದ ಯುಕ್ರೇನಿನಲ್ಲಿ, ಪ್ರಿಪ್ಯಾತ್ ನದಿಯ ಬಳಿ ಸ್ಥಾಪಿತವಾಯಿತು. 1977ರಿಂದ 1983ರ ವರೆಗೆ ತಲಾ 1000 ಮೆಗಾವಾಟಿನ ನಾಲ್ಕು ರಿಯಾಕ್ಟರುಗಳು ಅಲ್ಲಿ ಕೆಲಸಕ್ಕೆ ತೊಡಗಿದವು. ನ್ಯೂಟ್ರಾನುಗಳ ವೇಗವನ್ನು ತಗ್ಗಿಸುವ ಮಂದಕವು ಅಲ್ಲಿ ಗ್ರಾಫೈಟು; ಶಾಖವನ್ನು ಒಯ್ಯುವುದು ಸಾಮಾನ್ಯ ನೀರು. ನೀರು ಕುದಿದು ಆವಿಯಾದರೆ ನ್ಯೂಟ್ರಾನುಗಳನ್ನು ಹೀರುವ ಪದಾರ್ಥವು ಕಡಿಮೆಯಾಗುವುದು. ಗ್ರಾಫೈಟಾದರೋ ಇದ್ದಂತೆಯೇ ಇರುವುದು. ಆದಕಾರಣ ಕ್ರಿಯೆಯು ತಗ್ಗುವ ಬದಲು ಹೆಚ್ಚುವುದು. ಈ ದೋಷವೂ, ನಿಯಂತ್ರಣದಂಡಗಳ ರಚನಾದೋಷವೂ, ಪರೀಕ್ಷೆಯೊಂದನ್ನು ನಡೆಸಿದ ಕ್ರಮದ ದೋಷವೂ ಕೂಡಿದ್ದರಿಂದ 1986ರ ಏಪ್ರಿಲ್ 26ರಂದು ನಾಲ್ಕನೆಯ ರಿಯಾಕ್ಟರು ಸಿಡಿಯಿತು. ಅದನ್ನು ಪೂರ್ಣವಾಗಿ ಆವರಿಸುವ ಕಾಂಕ್ರೀಟು ಕವಚವಿರಲಿಲ್ಲವಾಗಿ ವಿಕಿರಣಶೀಲ ಪದಾರ್ಥವು ದೂರದೇಶಗಳವರೆಗೂ ಹಬ್ಬಿತು.

ಅತ್ತಿಗುಂಡಿಯ ಕಾಫಿಬೆಟ್ಟಗಳು ಯಾವ ಸಹ್ಯಾದ್ರಿಗೆ ಸೇರಿವೆಯೋ ಅದೇ ಸಹ್ಯಾದ್ರಿಯಲ್ಲಿ, ಅಲ್ಲಿಂದ ವಾಯವ್ಯಕ್ಕೆ, ಉತ್ತರಕನ್ನಡದ ಕಾಳೀನದಿಯ ತೀರದಲ್ಲಿ ಕೈಗಾ ಇದೆ. ಚೆರ್ನೋಬಿಲ್ಲಿನ ದುರಂತದ ನೆನಪು ಹಸಿಯಾಗಿದ್ದಾಗಲೇ, 1989ರಲ್ಲಿ, ಇಲ್ಲಿ ನಿರ್ಮಾಣಕಾರ್ಯವು ಮೊದಲಾಯಿತು. ಕಾದಂಬರಿಕಾರ ಶಿವರಾಮ ಕಾರಂತರು ಅದನ್ನು ವಿರೋಧಿಸಿ, ಅದೇ ವರ್ಷ ಉತ್ತರಕನ್ನಡದಿಂದ ಲೋಕಸಭೆಯ ಚುನಾವಣೆಗೆ ನಿಂತು ಸೋತರು.

ರಚನೆಯಲ್ಲಿ ಕೈಗಾದ ರಿಯಾಕ್ಟರುಗಳು ಬೇರೆ ಜಾತಿಯವು. ಇಂಧನವು ಸಹಜ ಯುರೇನಿಯಂ. ಮಂದಕವೂ ಶಾಖವಾಹಕವೂ ಭಾರಜಲವೇ. ಉರಿಯತಕ್ಕ ಗ್ರಾಫೈಟಿನ ರಾಶಿ ಇಲ್ಲಿಲ್ಲ. ಆದರೆ ಭೇದವನ್ನು ಅತಿಶಯವಾಗಿ ಹೇಳುವುದೂ ಯುಕ್ತವಲ್ಲ. ಶಾಖವಾಹಕವು ಆವಿಯಾದರೆ ಈ ಜಾತಿಯಲ್ಲಿಯೂ ಕ್ರಿಯೆಯು ಕೊಂಚ ಏರುತ್ತದೆ. ಅದನ್ನು ತಡೆಯಲೆಂದೇ ಒಂದನ್ನೊಂದು ಅವಲಂಬಿಸದ ಎರಡು ಶೀಘ್ರನಿಲುಗಡೆಯ ವ್ಯವಸ್ಥೆಗಳನ್ನೂ, ಹೊರಗೆ ಇಮ್ಮಡಿ ಕಾಂಕ್ರೀಟು ಕವಚವನ್ನೂ ಕಲ್ಪಿಸಿದೆ.

ಹೀಗಿರಲು, 1994ರ ಮೇ 13ರಂದು ಒಂದನೆಯ ಘಟಕದ ಒಳಕವಚದ ಗುಮ್ಮಟವು ಕಟ್ಟುತ್ತಿರುವಾಗಲೇ ಕುಸಿಯಿತು. ಇಂಧನವನ್ನಿನ್ನೂ ತುಂಬದಿದ್ದುದರಿಂದ ವಿಕಿರಣದ ಅಪಾಯವು ಒದಗಲಿಲ್ಲ. ಆದರೂ ಕೈಗಾವು ಚೆರ್ನೋಬಿಲ್ ಅಲ್ಲವೆಂಬುದಕ್ಕೆ ಮುಖ್ಯ ಹೇತುವಾಗಿದ್ದ ಅಂಗವೇ ಬಿದ್ದುಹೋಯಿತೆಂಬುದು ಗಮನಾರ್ಹ. ಗುಮ್ಮಟದ ವಿನ್ಯಾಸವನ್ನು ತಿದ್ದಿ ಮರಳಿ ಕಟ್ಟಬೇಕಾಯಿತು. ಎರಡನೆಯ ಘಟಕವೇ ಮೊದಲು, 1999ರಲ್ಲಿ, ಚಾಲನೆಗೆ ಬಂದಿತು. ಒಂದನೆಯದು 2000ದ ನವೆಂಬರಿನಲ್ಲಿ ವಾಣಿಜ್ಯೋತ್ಪಾದನೆಯನ್ನು ಆರಂಭಿಸಿತು. ಮರುತಿಂಗಳ 15ರಂದೇ ಚೆರ್ನೋಬಿಲ್ಲಿನ ಕಡೆಯ ರಿಯಾಕ್ಟರು ನಿಂತಿತು. 1997ರಲ್ಲಿ ದಿವಂಗತರಾದ ಕಾರಂತರು ಇವೆರಡನ್ನೂ ಕಾಣಲಿಲ್ಲ. ಮೂರನೆಯ ಮತ್ತು ನಾಲ್ಕನೆಯ ಘಟಕಗಳು 2007 ಮತ್ತು 2011ರಲ್ಲಿ ಸೇರಿದವು. ಒಟ್ಟು ಶಕ್ತಿ 880 ಮೆಗಾವಾಟು. ಕುಸಿದಿದ್ದ ಒಂದನೆಯ ಘಟಕವೇ 2018ರ ಡಿಸೆಂಬರ್ 31ರ ವರೆಗೆ 962 ದಿನ ಎಡೆಬಿಡದೆ ನಡೆದು, ಆ ಕಾಲಕ್ಕೆ ಜಗತ್ತಿನಲ್ಲೇ ಹೆಚ್ಚಿನದೆನಿಸಿತು.

ಆದುದರಿಂದ ಉಭಯಪಕ್ಷಗಳ ಮಾತನ್ನೂ ವಿಂಗಡಿಸಿ ಗ್ರಹಿಸಬೇಕು. ಕೈಗಾವನ್ನು ಚೆರ್ನೋಬಿಲ್ಲೆಂದು ಕರೆಯುವುದು ವಸ್ತುಸ್ಥಿತಿಗೆ ವಿರುದ್ಧ. ಭಿನ್ನಜಾತಿಯದಾದ ಮಾತ್ರಕ್ಕೆ ನಿರಪಾಯವೆನ್ನುವುದನ್ನು 1994ರ ಗುಮ್ಮಟವೇ ಖಂಡಿಸಿದೆ. 962 ದಿನಗಳ ಓಟವು ಯಂತ್ರದ ಸಾಮರ್ಥ್ಯಕ್ಕೆ ಪ್ರಮಾಣವೇ ಹೊರತು, ನದಿಗೂ ಕಾಡಿಗೂ ಜನರಿಗೂ ಸಂಬಂಧಿಸಿದ ಪ್ರಶ್ನೆಗೆ ಉತ್ತರವಲ್ಲ. 700 ಮೆಗಾವಾಟಿನ ಇನ್ನೆರಡು ಘಟಕಗಳು ಕೈಗಾಕ್ಕೆ ಮಂಜೂರಾಗಿರುವುದರಿಂದ ಈ ವಿವೇಚನೆಯು ಕೇವಲ ಗತಕಾಲದ್ದಲ್ಲ. ಚುನಾವಣೆಯಲ್ಲಿ ಸೋತದ್ದು ಅಭ್ಯರ್ಥಿ. ಅವರು ಎತ್ತಿದ ಪ್ರಶ್ನೆಯಲ್ಲ.