ಸೂಜಿ ಚುಚ್ಚುವಾಗ ಗಮನ ತಿರುಗಿಸುವ ವಿಧಾನಗಳು

ಲಸಿಕೆ ಹಾಕುವಾಗ, ಪರೀಕ್ಷೆಗೆ ರಕ್ತ ತೆಗೆಯುವಾಗ, ಡ್ರಿಪ್‌ಗಾಗಿ ರಕ್ತನಾಳಕ್ಕೆ ಸೂಜಿ ಏರಿಸುವಾಗ ಆಗುವ ನೋವು ಮತ್ತು ಅಂಜಿಕೆಯನ್ನು ತಗ್ಗಿಸಲು ಬಳಸುವ, ಔಷಧವಿಲ್ಲದ ಸರಳ ಉಪಾಯಗಳು. ಇವಕ್ಕೆ ಖರ್ಚು ಇಲ್ಲವೆನ್ನುವಷ್ಟು ಕಡಿಮೆ; ಹೆತ್ತವರೂ ದಾದಿಯರೂ ಸುಲಭವಾಗಿ ಕಲಿಯಬಹುದು.

ಹಿನ್ನೆಲೆ: ನೋವಿನ ಸಂಕೇತಗಳನ್ನು ಬೆನ್ನುಹುರಿ ಇದ್ದಂತೆಯೇ ಮೆದುಳಿಗೆ ಒಯ್ಯುವುದಿಲ್ಲ, ದಾರಿಯಲ್ಲೇ ಅವು ಏರುಪೇರಾಗುತ್ತವೆ ಎಂಬ ‘ದ್ವಾರ ನಿಯಂತ್ರಣ ಸಿದ್ಧಾಂತ’ವನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಮಂಡಿಸಿದರು. ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಷ್ಟದ ನೆನಪಿನ ಪರೀಕ್ಷೆಯಲ್ಲಿ ಮುಳುಗಿದ್ದವರ ತೋಳಿಗೆ ಬಿಸಿ ತಾಗಿಸಿದಾಗ ಬೆನ್ನುಹುರಿಯ ಪ್ರತಿಕ್ರಿಯೆಯೇ ಕುಗ್ಗಿದ್ದು ಸ್ಕ್ಯಾನಿಂಗ್‌ನಲ್ಲಿ ಕಂಡುಬಂತು. ಗಮನ ತಿರುಗಿದಾಗ ನೋವು ಕಡಿಮೆಯಾಗುವುದು ಬರೀ ಭ್ರಮೆಯಲ್ಲ.

ಮಕ್ಕಳಲ್ಲಿ: ಹಸುಳೆಗಳಿಗೆ ಎದೆಹಾಲು ಕುಡಿಸುತ್ತಲೇ ಲಸಿಕೆ ಹಾಕಿಸುವುದು ಒಳ್ಳೆಯದು. ಪುಟ್ಟ ಮಕ್ಕಳನ್ನು ಅದುಮಿ ಮಲಗಿಸದೆ ಮಡಿಲಲ್ಲಿ ಕೂರಿಸಿ ಅಪ್ಪಿಕೊಳ್ಳಬೇಕು. ಎರಡು ಮೂರು ವರ್ಷ ದಾಟಿದವರಿಗೆ ಸೋಪಿನ ಗುಳ್ಳೆ ಬಹಳ ಉಪಯುಕ್ತ: ದೊಡ್ಡ ಗುಳ್ಳೆ ಬರಲೆಂದು ಮಗು ತುಟಿ ಮುಂದೆ ಮಾಡಿ ಮೆಲ್ಲಗೆ ಊದುತ್ತದೆ, ಉಸಿರು ದೀರ್ಘವಾಗಿ, ಬಿಗಿಹಿಡಿದ ತೋಳು ಸಡಿಲಾಗುತ್ತದೆ, ಕಣ್ಣು ಸೂಜಿಯನ್ನು ಬಿಟ್ಟು ಗುಳ್ಳೆಯ ಬೆನ್ನು ಹತ್ತುತ್ತದೆ. 10 ಮತ್ತು 16ನೆಯ ವಯಸ್ಸಿನಲ್ಲಿ ಟಿಡಿ ಲಸಿಕೆ ಪಡೆಯುವ ಶಾಲಾಮಕ್ಕಳಿಗೆ ಒಗಟು, ಅಂತ್ಯಾಕ್ಷರಿ, 100ರಿಂದ ಏಳೇಳು ಕಳೆಯುವ ಲೆಕ್ಕ ಹೊಂದುತ್ತವೆ. ಸುಮ್ಮನೆ ನೋಡುವುದಕ್ಕಿಂತ ತಾವೇ ಏನಾದರೂ ಮಾಡುವಂಥ ಆಟದಲ್ಲಿ ಮನಸ್ಸು ಹೆಚ್ಚು ತೊಡಗುತ್ತದೆ.

ವಯಸ್ಕರಲ್ಲಿ: ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ನೀಡಿದ ಸಲಹೆಯಂತೆ ಲಘುವಾಗಿ ಕೆಮ್ಮುವುದು ಅಥವಾ ಕ್ಷಣಕಾಲ ಉಸಿರು ಹಿಡಿಯುವುದು ಉಪಯುಕ್ತ. ಒಮ್ಮೆ ಕೆಮ್ಮಿ ಅಭ್ಯಾಸ ಮಾಡಿಕೊಂಡು, ಎರಡನೆಯ ಕೆಮ್ಮಿನ ಹೊತ್ತಿಗೇ ಸೂಜಿ ಚುಚ್ಚಿಸಿಕೊಳ್ಳುವುದು ರೂಢಿಯಲ್ಲಿರುವ ಕ್ರಮ.

ಮಾತಿನ ರೀತಿ: ‘ಏನೂ ನೋವಾಗಲ್ಲ’ ಎಂದು ಸುಳ್ಳು ಹೇಳಿದರೆ ಮಗು ಮುಂದಿನ ಸಲ ನಂಬುವುದಿಲ್ಲ. ‘ಅಳಬೇಡ, ಅಳಬೇಡ’ ಎನ್ನುತ್ತಿದ್ದರೆ ಗಮನ ಅಳುವಿನ ಕಡೆಗೇ ಹೋಗುತ್ತದೆ. ‘ಈಗ ಶುರು ಮಾಡೋಣ’ ಎಂಬಂಥ ಸಹಜ ಮಾತು ಸಾಕು. ಮಗುವಿಗೆ ತಿಳಿಸದೆ ಮರೆಯಲ್ಲಿ ಚುಚ್ಚುವುದು ಈ ವಿಧಾನಗಳಲ್ಲಿ ಸೇರುವುದಿಲ್ಲ.

ಮಿತಿಗಳು: ಸೂಜಿಯನ್ನು ನೋಡಿದರೇ ಧೈರ್ಯ ಬರುವವರೂ ಇದ್ದಾರೆ, ಅಂಥವರನ್ನು ನೋಡಲು ಬಿಡಬೇಕು. ಸೂಜಿ, ರಕ್ತ ಕಂಡೊಡನೆ ತಲೆಸುತ್ತಿ ಬೀಳುವವರಿಗೆ ಗಮನ ತಿರುಗಿಸಿದರಷ್ಟೇ ಸಾಲದು. ಅವರನ್ನು ಮಲಗಿಸಿ, ಕಾಲು ಮತ್ತು ಹೊಟ್ಟೆಯ ಸ್ನಾಯುಗಳನ್ನು ಆಗಾಗ ಬಿಗಿಗೊಳಿಸಲು ಹೇಳಬೇಕು. ಇದರಿಂದ ರಕ್ತದೊತ್ತಡ ಕುಸಿಯದು. ತೀವ್ರ ಸೂಜಿಭಯಕ್ಕೆ ಹಂತಹಂತವಾಗಿ ಭಯ ಬಿಡಿಸುವ ಮನೋಚಿಕಿತ್ಸೆ ಬೇಕು. ಬಾಲ್ಯದ ಅಂಜಿಕೆ ಬೆಳೆದ ಮೇಲೂ ಉಳಿದು ಲಸಿಕೆ, ರಕ್ತಪರೀಕ್ಷೆಗಳನ್ನೇ ತಪ್ಪಿಸುವಂತೆ ಮಾಡಬಲ್ಲದು. ಮೊದಲ ಚುಚ್ಚುಮದ್ದುಗಳಲ್ಲೇ ಈ ಕಾಳಜಿ ವಹಿಸಬೇಕಾದುದು ಅದಕ್ಕಾಗಿ.