ಚಾಂಪಿಯನ್ ರೀಫ್‌ಗೆ ಬಂದ ಆಕಾಶದ ಅತಿಥಿಗಳು

ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 1996ರಲ್ಲಿ ‘ಡಾರ್ಕ್ ಸ್ಕೈಸ್’ ಎಂಬ ಧಾರಾವಾಹಿ ಶುರುವಾಯಿತು. ಅನ್ಯಗ್ರಹದವರು ಭೂಮಿಗೆ ಬಂದು ಸೇರಿಕೊಂಡಿದ್ದಾರೆ, ಸರ್ಕಾರಕ್ಕೆ ಅದು ಗೊತ್ತು, ಜನರಿಂದ ಮಾತ್ರ ಮುಚ್ಚಿಟ್ಟಿದ್ದಾರೆ ಎಂಬುದು ಅದರ ಹೂರಣ. ಕಥೆ ನಡೆಯುವುದು 1960ರ ದಶಕದಲ್ಲಿ. ಕೆನಡಿ ಹತ್ಯೆ, ಬೀಟಲ್ಸ್ ತಂಡದ ಅಮೆರಿಕ ಪ್ರವಾಸ ಮುಂತಾದ ನಿಜ ಘಟನೆಗಳ ಸಂದಿಗೊಂದಿಗಳಲ್ಲಿ ಅನ್ಯಲೋಕದವರನ್ನು ನುಸುಳಿಸಿದ್ದರು. ಐದು ಸೀಸನ್ನಿಗೆ ಹೆಣೆದಿದ್ದ ಕಥೆ ಒಂದೇ ಸೀಸನ್ನಿಗೆ ಮುಗಿಯಿತು. ನೋಡುವವರು ಸಾಲದೆ 1997ರಲ್ಲಿ ವಾಹಿನಿ ಅದನ್ನು ನಿಲ್ಲಿಸಿಬಿಟ್ಟಿತು.

ಆ ಕಥೆಗಾರರು ಕಲ್ಪಿಸಿಕೊಂಡ ಅದೇ 1960ರ ದಶಕದಲ್ಲಿ, ಕೋಲಾರ ಜಿಲ್ಲೆಯ ಚಿನ್ನದ ಗಣಿಯೊಂದರ ತಳದಲ್ಲಿ, ಭೂಮಿಯಾಚೆಯಿಂದ ಬಂದ ಸುಳಿವಿಗಾಗಿ ಕೆಲವರು ನಿಜವಾಗಿಯೂ ಕಾದು ಕೂತಿದ್ದರು. ಸುಳಿವು ಸಿಕ್ಕಿತು ಕೂಡ. ಯಾರೂ ಮುಚ್ಚಿಡಲಿಲ್ಲ, ಜಗತ್ತಿನ ವಿಜ್ಞಾನ ಪತ್ರಿಕೆಯಲ್ಲೇ ಅಚ್ಚಾಯಿತು. ಆದರೂ ಆ ಗಣಿಯೂರು ಕೆ.ಜಿ.ಎಫ್. ಎಂದರೆ ಇವತ್ತು ನೆನಪಾಗುವುದು ಚಿನ್ನ, ಇಲ್ಲವೆ ಯಶ್ ನಟಿಸಿದ ಸಿನಿಮಾ.

ಬಂಗಾರಪೇಟೆಯಲ್ಲಿ ದೊಡ್ಡ ಲೈನಿನಿಂದ ಕವಲೊಡೆಯುವ ರೈಲು ಕೋರಮಂಡಲ್, ಊರಗಾಂ, ಚಾಂಪಿಯನ್ ದಾಟಿ ಮಾರಿಕುಪ್ಪಂನಲ್ಲಿ ನಿಲ್ಲುತ್ತದೆ. ಮುಂದೆ ಹಳಿಯಿಲ್ಲ. ಬಂಗಾರಪೇಟೆ ಇನ್ನೂ ಬೌರಿಂಗ್‌ಪೇಟೆ ಆಗಿದ್ದಾಗ, 1894ರಲ್ಲಿ, ಗಣಿಗಾಗಿಯೇ ಹಾಕಿದ ಹಳಿ ಇದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರ ತಂತಿ ಎಳೆದು ವಿದ್ಯುತ್ ತಂದದ್ದೂ ಈ ಗಣಿಗಾಗಿಯೇ. ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. 1880ರಲ್ಲಿ ಗಣಿಗೆ ಕೈ ಹಾಕಿದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಚಿನ್ನದ ಎಳೆಯನ್ನು ಹಿಡಿದು ಕೆಳಗಿಳಿಯುತ್ತಾ ಹೋಯಿತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಮುಟ್ಟಿ, ಜಗತ್ತಿನ ಅತಿ ಆಳದ ಗಣಿಗಳ ಸಾಲಿಗೆ ಸೇರಿತು. ಅಷ್ಟು ಕೆಳಗೆ ಬಂಡೆಯ ಶಾಖವೇ 65 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಒತ್ತಡ ತಾಳದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುವ ರಾಕ್ ಬರ್ಸ್ಟ್ ಅಲ್ಲಿನ ನಿತ್ಯದ ಭಯ. ಹೆಚ್ಚಾಗಿ ತಮಿಳು, ತೆಲುಗು ಮಾತಾಡುವ, ಬಹುಪಾಲು ದಲಿತ ಕುಟುಂಬಗಳಿಂದ ಬಂದ ಕಾರ್ಮಿಕರು ತಲೆಮಾರುಗಳ ಕಾಲ ಜೀವ ಪಣಕ್ಕಿಟ್ಟು ಕೊರೆದ ಆಳ ಅದು.

ಈ ಆಳದ ಮೇಲೆ ಭೌತವಿಜ್ಞಾನಿ ಹೋಮಿ ಭಾಭಾ ಕಣ್ಣು ಹಾಕಿದ್ದು ಚಿನ್ನಕ್ಕಾಗಿ ಅಲ್ಲ.

ಭಾಭಾ ಎರಡನೆಯ ಮಹಾಯುದ್ಧದ ವರ್ಷಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಳೆದವರು. ಅಲ್ಲಿ ಅವರ ಕೆಲಸ ವಿಶ್ವಕಿರಣಗಳ ಮೇಲೆ. ಬಾಹ್ಯಾಕಾಶದಿಂದ ಸುರಿಯುವ ಈ ಕಣಗಳು ವಾತಾವರಣಕ್ಕೆ ಬಡಿದು ಒಡೆಯುತ್ತವೆ. ಚೂರುಗಳಲ್ಲಿ ಮ್ಯುವಾನ್ ಎಂಬುದು ನೆಲದವರೆಗೂ ಬರುತ್ತದೆ, ನೆಲದೊಳಕ್ಕೂ ಹೊಗುತ್ತದೆ. ಅಂಗೈ ಚಾಚಿದರೆ ಸೆಕೆಂಡಿಗೆ ಒಂದರಂತೆ ಹಾಯ್ದುಹೋಗುವ ಇವು ಎಷ್ಟು ಆಳಕ್ಕೆ ಇಳಿಯಬಲ್ಲವು? ಉತ್ತರ ಬೇಕೆಂದರೆ ಆಳಕ್ಕೇ ಹೋಗಬೇಕು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಅಂದರೆ ಟಿ.ಐ.ಎಫ್.ಆರ್., ಬೆಂಗಳೂರಿನಲ್ಲಿ ಹುಟ್ಟಿ ಮುಂಬೈಗೆ ಹೋದ ಮೇಲೂ ಭಾಭಾ ಕೋಲಾರವನ್ನು ಮರೆಯಲಿಲ್ಲ. 1951ರಲ್ಲಿ ತಮ್ಮ ಸಂಶೋಧನಾ ವಿದ್ಯಾರ್ಥಿಯೊಬ್ಬರನ್ನು ಗಣಿಗೆ ಇಳಿಸಿದರು. ಅವರೇ ಬದನವಾಳು ವೆಂಕಟಸುಬ್ಬ ಶ್ರೀಕಂಠನ್, ನಂಜನಗೂಡಿನವರು, ಆಗಿನ್ನೂ 26ರ ಯುವಕ. ಗೈಗರ್ ಕೌಂಟರುಗಳನ್ನು ಹಿಡಿದು ಬೇರೆ ಬೇರೆ ಆಳದಲ್ಲಿ ಮ್ಯುವಾನ್ ಎಣಿಸಿದ್ದೇ ಅವರ ಡಾಕ್ಟರೇಟಿನ ಕೆಲಸ. ಮುಂದೆ ಅವರು ಅದೇ ಸಂಸ್ಥೆಯ ನಿರ್ದೇಶಕರಾದರು.

ಗಣಿ ನಡೆಸುವವರಿಗೂ ಈ ವಿಜ್ಞಾನಿಗಳಿಗೂ ಇದ್ದ ಸಂಬಂಧ ತಮಾಷೆಯದು. ಒಬ್ಬರಿಗೆ ಬಂಡೆಯೊಳಗಿನ ಚಿನ್ನ ಬೇಕು, ಇನ್ನೊಬ್ಬರಿಗೆ ಬರೀ ಬಂಡೆಯ ದಪ್ಪ ಸಾಕು. ಕೋಲಾರದ ಬಂಡೆಯಾದರೋ ಭಾರಿ ತೂಕದ್ದು, ನೀರಿಗಿಂತ ಮೂರು ಪಟ್ಟು ಸಾಂದ್ರ. ಎರಡೂಕಾಲು ಕಿ.ಮೀ. ಬಂಡೆಯ ಕೆಳಗೆ ಕೂರುವುದೂ ಏಳು ಕಿ.ಮೀ. ಸಮುದ್ರದ ಕೆಳಗೆ ಕೂರುವುದೂ ವಿಶ್ವಕಿರಣದ ಮಟ್ಟಿಗೆ ಒಂದೇ. ಆಳಕ್ಕೆ ಇಳಿಸುವ ಕೇಜ್ ಇದೆ, ವಿದ್ಯುತ್ ಇದೆ, ಗಾಳಿ ಆಡುವ ಏರ್ಪಾಡಿದೆ. ಇಂಥ ಪ್ರಯೋಗಾಲಯವನ್ನು ವಿಜ್ಞಾನಕ್ಕೆಂದೇ ಕೊರೆಯಲು ಹೊರಟಿದ್ದರೆ ಆಗಿನ ಭಾರತದ ಖಜಾನೆ ಒಪ್ಪುತ್ತಿರಲಿಲ್ಲ.

1960ರ ದಶಕದ ಆರಂಭದಲ್ಲಿ ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಎಸ್. ಮಿಯಾಕೆ, ಟಿ.ಐ.ಎಫ್.ಆರ್.ನ ಪಿ.ವಿ. ರಮಣಮೂರ್ತಿ ಮತ್ತು ವಿ.ಎಸ್. ನರಸಿಂಹಂ ಮತ್ತೆ ಎಣಿಕೆ ಶುರುಮಾಡಿದರು. ಕೆಳಗಿಳಿದಂತೆ ಲೆಕ್ಕ ಕರಗುತ್ತಾ ಹೋಯಿತು. ಸುಮಾರು 2,700 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯುವಾನ್ ಬರಲಿಲ್ಲ. ಬೇರೆ ಪ್ರಯೋಗವಾಗಿದ್ದರೆ ಇದನ್ನು ಸೋಲು ಎನ್ನುತ್ತಿದ್ದರು. ಇಲ್ಲಿ ಅದೇ ಲಾಭವಾಯಿತು. ಇಷ್ಟು ನಿಶ್ಶಬ್ದ ಜಾಗದಲ್ಲಿ ಏನಾದರೂ ಸದ್ದು ಕೇಳಿದರೆ ಅದು ನ್ಯೂಟ್ರಿನೊದ್ದೇ ಆಗಿರಬೇಕು.

ನ್ಯೂಟ್ರಿನೊ ಎಂಬುದು ಇದೆಯೆಂದು ವೋಲ್ಫ್‌ಗಾಂಗ್ ಪೌಲಿ ಊಹಿಸಿದ್ದು 1930ರಲ್ಲಿ. ಸಿಕ್ಕಿದ್ದು 1956ರಲ್ಲಿ, ಅಮೆರಿಕದ ಅಣು ರಿಯಾಕ್ಟರೊಂದರ ಪಕ್ಕ. ಪ್ರಕೃತಿಯೇ ಆಕಾಶದಲ್ಲಿ ತಯಾರಿಸುವ ನ್ಯೂಟ್ರಿನೊವನ್ನು ಮಾತ್ರ ಯಾರೂ ಹಿಡಿದಿರಲಿಲ್ಲ. ಇಡೀ ಭೂಮಿಯನ್ನು ತೂರಿಕೊಂಡು ಆಚೆ ಕಡೆ ಹೊರಬರುವ ಈ ಕಣಕ್ಕೆ ಬಂಡೆಯೂ ಒಂದೇ, ಬಯಲೂ ಒಂದೇ. ಅಪರೂಪಕ್ಕೊಮ್ಮೆ ಬಂಡೆಯ ಪರಮಾಣುವಿಗೆ ಡಿಕ್ಕಿ ಹೊಡೆದು ಮ್ಯುವಾನ್ ಹುಟ್ಟಿಸುತ್ತದೆ. ಆ ಮ್ಯುವಾನನ್ನು ಹಿಡಿಯಬೇಕು.

ಹಿಡಿಯುವ ಉಪಾಯ ಸರಳ, ಜಾಣತನದ್ದು. ಮೇಲಿನಿಂದ ಬರುವ ಮಾಮೂಲಿ ಮ್ಯುವಾನ್ ಅಷ್ಟು ಆಳಕ್ಕೆ ಬಂದರೂ ನೇರವಾಗಿ ತಲೆಯ ಮೇಲಿನಿಂದಲೇ ಬರಬೇಕು. ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಇನ್ನೂ ಹೆಚ್ಚು. ಹಾಗಾದರೆ ಅಡ್ಡಡ್ಡಲಾಗಿ ಬರುವ ಮ್ಯುವಾನ್ ನ್ಯೂಟ್ರಿನೊದ ಕೂಸು. ಅದಕ್ಕೇ ಪತ್ತೆಯಂತ್ರವನ್ನು ನೆಲದ ಮೇಲೆ ಹಾಸದೆ ಗೋಡೆಯ ಹಾಗೆ ನಿಲ್ಲಿಸಿದರು. ಎರಡು ಬದಿಗೆ ಪ್ಲಾಸ್ಟಿಕ್ ಸಿಂಟಿಲೇಟರ್ ಹಲಗೆಗಳು, ನಡುವೆ ನಿಯಾನ್ ತುಂಬಿದ ಗಾಜಿನ ಕೊಳವೆಗಳ ಸಾಲು. ಕಣ ಹಾಯ್ದರೆ ಎರಡೂ ಬದಿಯ ಹಲಗೆಗಳು ಒಟ್ಟಿಗೆ ಮಿನುಗುತ್ತವೆ. ಆ ಕ್ಷಣವೇ ಕೊಳವೆಗಳಿಗೆ ವಿದ್ಯುತ್ ಹರಿದು, ಕಣ ಹೋದ ದಾರಿಯುದ್ದಕ್ಕೂ ನಿಯಾನ್ ಬೆಳಗುತ್ತದೆ. ಕ್ಯಾಮೆರಾ ಅದನ್ನು ಫಿಲ್ಮಿನ ಮೇಲೆ ಹಿಡಿಯುತ್ತದೆ. ಚಾಂಪಿಯನ್ ರೀಫ್‌ನ ಹೀತ್‌ಕೋಟ್ ಶಾಫ್ಟಿನ ಮೂಲಕ 2,300 ಮೀಟರ್ ಇಳಿದರೆ ಸಿಗುವ ಸುರಂಗದಲ್ಲಿ 1964ರ ಕೊನೆಯ ಹೊತ್ತಿಗೆ ಈ ಏರ್ಪಾಡು ಶುರುವಾಯಿತು. ತಂಡದ ಮುಂದಾಳು ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ಜೊತೆಗೆ ಶ್ರೀಕಂಠನ್, ರಮಣಮೂರ್ತಿ, ನರಸಿಂಹಂ, ಸಿ.ವಿ. ಆಚಾರ್, ಒಸಾಕಾದ ಮಿಯಾಕೆ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಆರ್ನಾಲ್ಡ್ ವುಲ್ಫೆಂಡೇಲ್ ಮತ್ತವರ ಸಂಗಡಿಗರು.

ಅತ್ತ ದಕ್ಷಿಣ ಆಫ್ರಿಕಾದ ಈಸ್ಟ್ ರ‍್ಯಾಂಡ್ ಚಿನ್ನದ ಗಣಿಯಲ್ಲಿ, ಇನ್ನೂ ಆಳದಲ್ಲಿ, ಫ್ರೆಡರಿಕ್ ರೈನ್ಸ್ ತಂಡವೂ ಇದೇ ಬೇಟೆಗೆ ಕೂತಿತ್ತು. 1956ರಲ್ಲಿ ನ್ಯೂಟ್ರಿನೊ ಹಿಡಿದವರಲ್ಲಿ ಒಬ್ಬರು ಈ ರೈನ್ಸ್. ಅವರಿಗೆ 1965ರ ಫೆಬ್ರುವರಿಯಲ್ಲೇ ಮೊದಲ ಸುಳಿವು ಸಿಕ್ಕಿತು. ಕೋಲಾರದಲ್ಲಿ ಸಿಕ್ಕಿದ್ದು ಏಪ್ರಿಲ್‌ನಲ್ಲಿ. ಆದರೆ ಬರೆದು ಕಳಿಸುವುದರಲ್ಲಿ ಕೋಲಾರದವರು ಚುರುಕು. ಅವರ ಲೇಖನ ‘ಫಿಸಿಕ್ಸ್ ಲೆಟರ್ಸ್’ ಪತ್ರಿಕೆಯ ಆಗಸ್ಟ್ 15ರ ಸಂಚಿಕೆಯಲ್ಲಿ ಬಂತು. ರೈನ್ಸ್ ತಂಡದ್ದು ಅಮೆರಿಕದ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ ಆಗಸ್ಟ್ 30ಕ್ಕೆ. ಹದಿನೈದು ದಿನದ ಅಂತರ. ಕಂಡವರಲ್ಲಿ ಅವರು ಮೊದಲು, ಜಗತ್ತಿಗೆ ಹೇಳಿದವರಲ್ಲಿ ಇವರು ಮೊದಲು. ಇಬ್ಬರಿಗೂ ಸಲ್ಲಬೇಕಾದ ಗೌರವ ಇದು; ಒಬ್ಬರ ತಲೆಗೇ ಕಿರೀಟ ಇಡುವ ಉತ್ಸಾಹ ಬೇಡ.

ಕಥೆ ಇಲ್ಲಿಗೆ ಮುಗಿದಿದ್ದರೆ ವೈಜ್ಞಾನಿಕ ಧಾರಾವಾಹಿಯ ರುಚಿ ಬರುತ್ತಿರಲಿಲ್ಲ. ಅದೇ ಗಣಿಯಲ್ಲಿ ಮುಂದಿನ ವರ್ಷಗಳಲ್ಲಿ ಯಾರಿಗೂ ಅರ್ಥವಾಗದ ಕೆಲವು ಗುರುತುಗಳು ಕಾಣಿಸಿಕೊಂಡವು. ಎರಡು ಮೂರು ಕಣಗಳ ಜಾಡು ಒಂದೇ ಬಿಂದುವಿನಿಂದ ಹೊರಟಂತಿದೆ. ಆ ಬಿಂದು ಬಂಡೆಯಲ್ಲಿಲ್ಲ, ಬಂಡೆಗೂ ಯಂತ್ರಕ್ಕೂ ನಡುವಿನ ಬರೀ ಗಾಳಿಯಲ್ಲಿದೆ. ಯಾವುದೋ ಹೊಸ ಭಾರದ ಕಣ ಬಂಡೆಯಲ್ಲಿ ಹುಟ್ಟಿ, ಸ್ವಲ್ಪ ದೂರ ಸಾಗಿ, ಗಾಳಿಯಲ್ಲಿ ಒಡೆದಿರಬೇಕೆಂದು ತಂಡ 1975ರಲ್ಲಿ ಪ್ರಕಟಿಸಿತು. ಭೌತವಿಜ್ಞಾನದ ಪುಸ್ತಕಗಳಲ್ಲಿ ಇವಕ್ಕೆ ‘ಕೋಲಾರ್ ಈವೆಂಟ್ಸ್’ ಎಂದೇ ಹೆಸರು. ಯುರೋಪಿನ ಸರ್ನ್, ಅಮೆರಿಕದ ಫರ್ಮಿ ಪ್ರಯೋಗಾಲಯಗಳಲ್ಲಿ ಹುಡುಕಿದರು. ಅಂಥ ಕಣ ಸಿಗಲಿಲ್ಲ. ಹಾಗೆಂದು ಕಡತವೂ ಪೂರ್ತಿ ಮುಚ್ಚಲಿಲ್ಲ. ಚೆನ್ನೈನ ಎಂ.ವಿ.ಎನ್. ಮೂರ್ತಿ ಮತ್ತು ಜಿ. ರಾಜಶೇಖರನ್ 2014ರಲ್ಲಿ, ಇದು ಕಪ್ಪುದ್ರವ್ಯದ ಕಣ ಒಡೆದ ಗುರುತು ಇರಬಹುದೇ ಎಂದು ‘ಪ್ರಮಾಣ’ ಪತ್ರಿಕೆಯಲ್ಲಿ ಕೇಳಿದರು.

1980ರಲ್ಲಿ ಇನ್ನೊಂದು ಸಾಹಸ. ಪ್ರೋಟಾನ್ ಶಾಶ್ವತವಲ್ಲ, ಕೋಟ್ಯನುಕೋಟಿ ವರ್ಷಗಳಲ್ಲಿ ಎಂದಾದರೂ ಒಡೆಯುತ್ತದೆ ಎಂದು 1970ರ ದಶಕದ ಸಿದ್ಧಾಂತಗಳು ಹೇಳುತ್ತಿದ್ದವು. ಒಂದು ಪ್ರೋಟಾನನ್ನು ಅಷ್ಟು ಕಾಲ ನೋಡುತ್ತಾ ಕೂರಲಾಗದು. ಆದರೆ ಲೆಕ್ಕವಿಲ್ಲದಷ್ಟು ಪ್ರೋಟಾನುಗಳನ್ನು ಒಂದೆರಡು ವರ್ಷ ನೋಡಬಹುದು. ಕಬ್ಬಿಣದ ತಗಡು, ಅದರ ಮೇಲೆ ಕೌಂಟರುಗಳು, ಮತ್ತೆ ತಗಡು ಎಂದು 34 ಪದರಗಳ 140 ಟನ್ ತೂಕದ ಯಂತ್ರವನ್ನು ಕೋಲಾರದ ಆಳದಲ್ಲಿ ಜೋಡಿಸಿದರು. ಇಡಿಯಾಗಿ ಇಳಿಸುವಂತಿಲ್ಲ, ಕೇಜಿನಲ್ಲಿ ಹಿಡಿಸುವ ತುಂಡುಗಳನ್ನು ಕೆಳಗೆ ಒಯ್ದು, ಆ ಸೆಕೆಯಲ್ಲಿ ಒಂದೊಂದಾಗಿ ಕೂಡಿಸಬೇಕು. ಪ್ರೋಟಾನ್ ಒಡೆಯುವುದನ್ನು ನೋಡಲೆಂದೇ ಕಟ್ಟಿದ ಯಂತ್ರಗಳಲ್ಲಿ ಜಗತ್ತಿಗೇ ಮೊದಲನೆಯದು ಇದು. ಒಡೆದಿರಬಹುದಾದ ಕೆಲವು ಗುರುತು ಕಂಡವೆಂದು ತಂಡ 1981ರಲ್ಲಿ ಹೇಳಿದಾಗ ವಿಜ್ಞಾನಲೋಕ ಕಿವಿ ನೆಟ್ಟಗೆ ಮಾಡಿಕೊಂಡಿತು. ಅಮೆರಿಕ ಮತ್ತು ಜಪಾನಿನ ದೊಡ್ಡ ಯಂತ್ರಗಳಿಗೆ ಅದು ಕಾಣಲಿಲ್ಲ. ಇವತ್ತಿಗೂ ಪ್ರೋಟಾನ್ ಒಡೆದದ್ದನ್ನು ಯಾರೂ ಖಚಿತವಾಗಿ ಕಂಡಿಲ್ಲ.

ಇದೇ ಹಳೆಯ ಕೋಲಾರ ಜಿಲ್ಲೆಯ ಇನ್ನೊಂದು ಮೂಲೆ ಗೌರಿಬಿದನೂರು. ದೂರದ ದೇಶಗಳ ಅಣುಪರೀಕ್ಷೆಯ ನಡುಕವನ್ನು ನೆಲದಲ್ಲೇ ಗುರುತಿಸುವ ಕೇಂದ್ರ ಅಲ್ಲಿ ತಲೆಯೆತ್ತಿದ್ದು 1960ರ ದಶಕದ ನಡುವಿನಲ್ಲಿ. ಆಕಾಶದ ರೇಡಿಯೊ ಅಲೆಗಳನ್ನು ಕೇಳುವ ದೂರದರ್ಶಕ ಕೆಲಸ ಶುರುಮಾಡಿದ್ದು 1976ರಲ್ಲಿ. ಗುಟ್ಟು, ಸಂಕೇತ, ಆಕಾಶ ಎಲ್ಲವೂ ಒಂದೇ ಜಿಲ್ಲೆಯಲ್ಲಿ. ಧಾರಾವಾಹಿ ಬರೆಯುವವರಿಗೆ ಇಷ್ಟು ಸರಕು ಸಾಲದೇ?

ಕೆ.ಜಿ.ಎಫ್.ನ ಪ್ರಯೋಗಗಳನ್ನು ನಿಲ್ಲಿಸಿದ್ದು ವಿಜ್ಞಾನವಲ್ಲ, ಗಣಿಯ ಲೆಕ್ಕಪುಸ್ತಕ. 1956ರಲ್ಲಿ ಮೈಸೂರು ಸರ್ಕಾರದ ವಶಕ್ಕೆ, 1962ರಲ್ಲಿ ಕೇಂದ್ರಕ್ಕೆ, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿಗೆ ಹೋದ ಗಣಿಯಲ್ಲಿ ಕೊನೆಕೊನೆಗೆ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಮೂರು ನಾಲ್ಕು ಗ್ರಾಂ ಚಿನ್ನ. ಆಳದ ಲೆವೆಲ್‌ಗಳನ್ನು ಒಂದೊಂದಾಗಿ ಬಿಟ್ಟುಕೊಡುತ್ತಾ ಬಂದರು. 1990ರ ದಶಕದ ಆರಂಭದಲ್ಲಿ ವಿಜ್ಞಾನಿಗಳೂ ಮೇಲೆ ಬಂದರು. 2001ರ ಫೆಬ್ರುವರಿ 28ರಂದು ಗಣಿಗೆ ಬೀಗ ಬಿತ್ತು. ಪಂಪುಗಳು ನಿಂತವು, ಸುರಂಗಗಳಲ್ಲಿ ನೀರು ಏರಿತು.

ಇದೇ ಹೊತ್ತಿಗೆ ಜಪಾನಿನ ಕಾಮಿಯೊಕಾ ಗಣಿಯೊಳಗೆ ಕಟ್ಟಿದ ಯಂತ್ರಗಳು ನ್ಯೂಟ್ರಿನೊ ಹಿಡಿಯುತ್ತಾ ಎರಡು ನೊಬೆಲ್ ಬಹುಮಾನಗಳಿಗೆ ದಾರಿ ಮಾಡಿದವು, 2002ರಲ್ಲಿ ಒಂದು, 2015ರಲ್ಲಿ ಇನ್ನೊಂದು. ಎರಡನೆಯದು ಸಂದದ್ದು, ಕೋಲಾರದಲ್ಲಿ 1965ರಲ್ಲಿ ಕಂಡ ಅದೇ ಬಗೆಯ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಅಧ್ಯಯನಕ್ಕೆ. ಕೋಲಾರದ ಅನುಭವಿಗಳೇ ಮುಂದೆ ನಿಂತು ಯೋಜಿಸಿದ ಭಾರತದ ಹೊಸ ನ್ಯೂಟ್ರಿನೊ ವೀಕ್ಷಣಾಲಯಕ್ಕೆ ಕೇಂದ್ರ ಸಂಪುಟ 2015ರ ಜನವರಿಯಲ್ಲಿ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಿಗೆ ಕೊಟ್ಟಿತು. ಜಾಗ ತಮಿಳುನಾಡಿನ ತೇಣಿ ಜಿಲ್ಲೆಯ ಬೆಟ್ಟ. ಸ್ಥಳೀಯರ ವಿರೋಧ, ಪರಿಸರ ಅನುಮತಿಯ ತಕರಾರುಗಳಲ್ಲಿ ಅದು ಸಿಕ್ಕಿಹಾಕಿಕೊಂಡಿತು. ಇದ್ದ ಗಣಿಯನ್ನು ಮುಳುಗಲು ಬಿಟ್ಟು ಹೊಸ ಬೆಟ್ಟ ಕೊರೆಯಹೊರಟ ದೇಶದ ಲೆಕ್ಕಾಚಾರ ವಿಚಿತ್ರವೇ ಸರಿ.

ವಿಜ್ಞಾನಿಗಳ ಹೆಸರು ಪತ್ರಿಕೆಗಳಲ್ಲಿ ಉಳಿದಿದೆ. ಅವರನ್ನು ಕೇಜಿನಲ್ಲಿ ಇಳಿಸಿದವರು, ತಗಡು ಹೊತ್ತವರು, ಸುರಂಗ ಅಗಲ ಮಾಡಿದವರು, ಬಂಡೆ ಸಿಡಿಯುವ ಮುನ್ಸೂಚನೆ ನೋಡಿ ಎಚ್ಚರಿಸಿದವರು ಯಾರೆಂದು ಆ ಲೇಖನಗಳನ್ನು ಓದಿದರೆ ತಿಳಿಯುವುದಿಲ್ಲ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಮಾರಿಕುಪ್ಪಂನ ಗಣಿ ಕಾರ್ಮಿಕರ ಮನೆಸಾಲುಗಳಲ್ಲಿ ಅವರ ಪೈಕಿ ಇನ್ನೂ ಯಾರಾದರೂ ಸಿಕ್ಕಾರು. ಕೋಲಾರದಲ್ಲೇ ಇರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದವರು ರೆಕಾರ್ಡರ್ ಹಿಡಿದು ಆ ಮನೆಗಳಿಗೆ ಹೋಗಲಿ. ತಡಮಾಡುವಂತಿಲ್ಲ, 1965ರಲ್ಲಿ ಇಪ್ಪತ್ತರ ಪ್ರಾಯದಲ್ಲಿದ್ದವರಿಗೆ ಈಗ ಎಂಬತ್ತು ತುಂಬಿದೆ.