ಮಹಾಮಾರಿಯು ಬಿಟ್ಟುಹೋದ ಮಾತುಗಳು

ಗದಗ ತಾಲೂಕಿನ ಕಣಗಿನಹಾಳಕ್ಕೆ ದೇಶದಲ್ಲಿ ಹೆಸರು ಬಂದದ್ದು ಒಂದು ಸಾಲದ ಸಂಘದಿಂದ. ಹಿಂದುಸ್ಥಾನ ಸರಕಾರವು 1904ನೆಯ ಇಸವಿಯಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆಯನ್ನು ಹೊರಡಿಸಿತು. ಮರುವರ್ಷವೇ ಈ ಊರಿನ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಒಗ್ಗೂಡಿಸಿ ಅಂಥ ಸಂಘವೊಂದನ್ನು ಕಟ್ಟಿದರು. ಕಾಯದೆಯ ಬೆನ್ನಹಿಂದೆ ಒಂದು ಇಂಗ್ಲಿಷ್ ಶಬ್ದವೂ ಹಳ್ಳಿಯನ್ನು ಹೊಕ್ಕಿತು. ಅದು ‘ಸೊಸೈಟಿ’. ಇಂಗ್ಲಿಷರಿಗೆ ಆ ಶಬ್ದವು ಇಡೀ ಸಮಾಜವನ್ನು ಸೂಚಿಸುತ್ತಿದ್ದಿತು. ಒಕ್ಕಲಿಗನಿಗೆ ಅದು ಬೀಜಕ್ಕೆ, ಎತ್ತಿಗೆ, ಗೊಬ್ಬರಕ್ಕೆ ಸಾಲ ಕೊಡುವ ಊರೊಳಗಿನ ಮನೆಯಾಯಿತು.

ಈ ಶಬ್ದವು ಬಂದ ಕಾಲವು ಸುಖದ ಕಾಲವಾಗಿರಲಿಲ್ಲ. 1876-78ರ ದೊಡ್ಡ ಬರವನ್ನು ಕಂಡ ಹಿರಿಯರು ಇನ್ನೂ ಬದುಕಿದ್ದರು. ಅದರ ಮೇಲೆ ಪ್ಲೇಗು ಬಂದೆರಗಿದ್ದಿತು. ಸಂಕಟವು ಜನರೊಳಗೆ ಹೊಕ್ಕಾಗ ಅದಕ್ಕೊಂದು ಹೆಸರು ಬೇಕಾಗುವದು. ಆ ಹೆಸರುಗಳಲ್ಲಿ ಕೆಲವು ಸಂಕಟದೊಡನೆಯೇ ಅಳಿಯುವವು. ಕೆಲವು ಶತಮಾನ ಕಳೆದರೂ ನಿಲ್ಲುವವು. ಯಾವುದು ಅಳಿಯುವದು, ಯಾವುದು ನಿಲ್ಲುವದು ಎಂಬದನ್ನು ನೋಡಿದರೆ ಆ ಜನರ ನಡೆಯೇ ಕಾಣಿಸಿಕೊಳ್ಳುವದು.

ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ಅದರ ಶಾಯಿ ಆರುವಷ್ಟರಲ್ಲಿಯೇ, ಅಂದರೆ 1896ರ ಸಪ್ಟೆಂಬರದಲ್ಲಿ, ಮುಂಬಯಿಯ ಬಂದರಿನ ಕೇರಿಗಳಲ್ಲಿ ಪ್ಲೇಗು ತೋರಿತು. 1897ರಲ್ಲಿ ಸರಕಾರವು ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ಮಾಡಿ, ಮನೆಯನ್ನು ಶೋಧಿಸುವ, ಪ್ರಯಾಣಿಕರನ್ನು ತಡೆಯುವ ಅಧಿಕಾರವನ್ನು ತನ್ನ ಕೈಗೆ ತೆಗೆದುಕೊಂಡಿತು. ಪುಣೆಯಲ್ಲಿ ಈ ಶೋಧಗಳಿಂದ ಕೆರಳಿದವರ ಕೈಯಿಂದ ಅದೇ ವರ್ಷದ ಜೂನಿನಲ್ಲಿ ಪ್ಲೇಗಿನ ಅಧಿಕಾರಿ ರ್‍ಯಾಂಡನ ಕೊಲೆಯಾಯಿತು. ರೋಗವು ರೈಲುದಾರಿ ಹಿಡಿದು 1898ರಲ್ಲಿ ಹುಬ್ಬಳ್ಳಿ, ಧಾರವಾಡ, ಗದಗುಗಳನ್ನು ಮುಟ್ಟಿತು. ಹಾಫ್ಕಿನ್ ಎಂಬ ವಿಜ್ಞಾನಿಯು ಹಿಂದಿನ ವರ್ಷವಷ್ಟೇ ಮುಂಬಯಿಯಲ್ಲಿ ಸಿದ್ಧಪಡಿಸಿದ್ದ ಲಸಿಕೆಯನ್ನು ಈ ಪಟ್ಟಣಗಳ ಸಾವಿರಾರು ಜನರಿಗೆ ಚುಚ್ಚಲಾಯಿತು.

ಆಗ ಎರಡು ಬಗೆಯ ಮಾತುಗಳು ಹುಟ್ಟಿದವು. ಕಚೇರಿಯಿಂದ ಇಳಿದುಬಂದವು ಒಂದು ಬಗೆಯವು: ಪ್ಲೇಗು, ಕ್ವಾರಂಟೈನು, ಇನಾಕ್ಯುಲೇಶನ್. ಜನರ ಕಣ್ಣಿನಿಂದ ಹುಟ್ಟಿದವು ಮತ್ತೊಂದು ಬಗೆಯವು. ‘ಇಲಿ ಬಿತ್ತು’ ಎಂದರೆ ಸಾಕು. ಅದು ಇಲಿಯ ಸುದ್ದಿಯಲ್ಲ, ಊರು ಬಿಡಿರೆಂಬ ಸೂಚನೆ. ಮನೆಗೆ ಬೀಗ ಹಾಕಿ, ಹೊಲದಲ್ಲಿ ಗುಡಿಸಲು ಕಟ್ಟಿ, ಒಲೆ ಹೂಡಿ ಬದುಕುವ ಇಡೀ ಕ್ರಮವು ಆ ಎರಡು ಮಾತುಗಳಲ್ಲಿ ಅಡಗಿದ್ದಿತು. ಬೆಂಗಳೂರಿನಲ್ಲಿ ಜನರು ರೋಗವನ್ನೇ ದೇವಿಯನ್ನಾಗಿ ಮಾಡಿ ‘ಪ್ಲೇಗಮ್ಮ’ನಿಗೆ ಗುಡಿ ಕಟ್ಟಿದರು. ರೋಗವು ಹೋದ ಬಳಿಕ ‘ಇಲಿ ಬಿತ್ತು’ ಎಂಬದರ ಭಯವೂ ಹೋಯಿತು. ಗುಡಿಯ ಹೆಸರು ಮಾತ್ರ ಉಳಿಯಿತು.

1918ರ ಇನ್‌ಫ್ಲುಯೆಂಜಾ ಇನ್ನೂ ಭೀಕರವಾದದ್ದು. ಹಿಂದುಸ್ಥಾನದಲ್ಲಿ ಕೋಟಿಗೂ ಮಿಕ್ಕಿ ಜನರು ಅದಕ್ಕೆ ತುತ್ತಾದರು. ನೆರೆಯ ಮರಾಠಿಗರು ಅದನ್ನು ‘ಮಾನಮೋಡಿ’, ಅಂದರೆ ಕುತ್ತಿಗೆ ಮುರಿಯುವಂಥದು, ಎಂದು ಕರೆದರು. ಯುರೋಪಿನವರು ಅದನ್ನು ಸ್ಪೇನಿನ ಜ್ವರವೆಂದರು. ಅದು ಹುಟ್ಟಿದ್ದು ಸ್ಪೇನಿನಲ್ಲೆಂಬದಕ್ಕೆ ಆಧಾರವಿರಲಿಲ್ಲ. ಯುದ್ಧದಲ್ಲಿ ತೊಡಗದ ಆ ದೇಶದ ಪತ್ರಿಕೆಗಳು ಸತ್ತವರ ಸುದ್ದಿಯನ್ನು ಮುಚ್ಚಿಡದೆ ಬರೆದವೆಂಬದೇ ಅದರ ಅಪರಾಧ. ಮರಾಠಿಯ ಹೆಸರು ನೋವನ್ನು ಹೇಳಿತು; ಯುರೋಪಿನ ಹೆಸರು ಪರರ ಮೇಲೆ ತಪ್ಪು ಹೊರಿಸಿತು.

ನೂರೆರಡು ವರ್ಷಗಳ ಬಳಿಕ ಇದೇ ಕಥೆಯು ಮರಳಿ ನಡೆಯಿತು. 2020ರ ಫೆಬ್ರುವರಿ 11ರಂದು ಜಾಗತಿಕ ಆರೋಗ್ಯ ಸಂಸ್ಥೆಯು ಹೊಸ ರೋಗಕ್ಕೆ ಕೋವಿಡ್-19 ಎಂದು ಹೆಸರಿಟ್ಟಿತು. ರೋಗದ ಹೆಸರಿನಲ್ಲಿ ಊರಾಗಲಿ ಜನಾಂಗವಾಗಲಿ ಬರಕೂಡದೆಂದು ಆ ಸಂಸ್ಥೆಯು 2015ರಲ್ಲಿಯೇ ನಿಯಮ ಮಾಡಿದ್ದಿತು. ಮಾರ್ಚ್ 22ರಂದು ‘ಜನತಾ ಕರ್ಫ್ಯೂ’, 25ರಿಂದ ‘ಲಾಕ್‌ಡೌನ್’. 1897ರ ಹಳೆಯ ಕಾಯದೆಯು ಮತ್ತೆ ಹೊರಬಂದಿತು. ಅದರೊಡನೆ ಕ್ವಾರಂಟೈನ್ ಶಬ್ದವೂ ಮರಳಿತು. ವೆನಿಸ್ಸಿನವರು ಹಡಗುಗಳನ್ನು ನಲವತ್ತು ದಿನ ತಡೆದು ನಿಲ್ಲಿಸುತ್ತಿದ್ದುದರಿಂದ ಬಂದ ಶಬ್ದವದು. ಕನ್ನಡಿಗರ ಬಾಯಲ್ಲಿ ಅದು ಹದಿನಾಲ್ಕು ದಿನಗಳ ಶಾಲೆಯ ಕೋಣೆಯ ವಾಸವಾಯಿತು. ಲಾಕ್‌ಡೌನಿನ ಜಾಡಿನಲ್ಲಿ ‘ಸೀಲ್‌ಡೌನ್’ ಎಂಬದು ಹುಟ್ಟಿತು. ಇಂಗ್ಲಿಷರಿಗೆ ಅಪರಿಚಿತವಾದ ಈ ಇಂಗ್ಲಿಷು ಕರ್ನಾಟಕದ ಬೀದಿಬೀದಿಗಳ ತಡೆಗಂಬಗಳ ಮೇಲೆ ಕಾಣಿಸಿಕೊಂಡಿತು. ಮೇ ತಿಂಗಳ ಮೊದಲಲ್ಲಿ ಜಿಲ್ಲೆಗಳಿಗೆ ಬಣ್ಣ ಹಂಚಿದಾಗ ಗದಗಕ್ಕೆ ‘ಕಿತ್ತಳೆ ವಲಯ’ವೆಂಬ ಹೆಸರು ಬಂದಿತು. ‘ಪಾಸಿಟಿವ್’ ಎಂಬ ಒಳ್ಳೆಯ ಶಬ್ದವು ಕೇಳಿದವರ ಎದೆ ನಡುಗಿಸುವಂತಾಯಿತು.

ಜನರು ಕೂಡ ಸುಮ್ಮನಿರಲಿಲ್ಲ. 2021ರ ಜನೇವರಿಯಲ್ಲಿ ಲಸಿಕೆಯು ಬಂದಾಗ ಕಾಗದದಲ್ಲಿ ಅದು ಲಸಿಕೆ. ಹಳ್ಳಿಯಲ್ಲಿ ‘ಕೊರೊನಾ ಸೂಜಿ’. ಎಣಿಸಿದಷ್ಟೇ ಜನರನ್ನು ಕರೆದು ಮಾಡಿದ ಲಗ್ನವು ‘ಕೊರೊನಾ ಮದುವೆ’. ಅದೇ ವರ್ಷ ಪಿ. ಯು. ಎರಡನೆಯ ವರ್ಷದ ಪರೀಕ್ಷೆ ರದ್ದಾಗಿ ತೇರ್ಗಡೆಯಾದ ಮಕ್ಕಳು ‘ಕೊರೊನಾ ಬ್ಯಾಚ್’. ಮೇಲ್ನೋಟಕ್ಕೆ ಇದು ನಗೆಯ ಮಾತು. ಆದರೆ ಅಟ್ಟದ ಮೇಲೆ ಹತ್ತಿ ಮೊಬೈಲಿನ ಸಿಗ್ನಲ್ಲಿಗಾಗಿ ಕಾದು ಓದಿದ ಹುಡುಗಿಯೂ ಆ ಒಂದೇ ಹೆಸರಿನಲ್ಲಿ ಸೇರಿಹೋದಳು. ಕೆಲಸ ಕೇಳಲು ಹೋದಲ್ಲಿ ಆ ನಗೆಯನ್ನು ಅವಳೇ ನುಂಗಿಕೊಳ್ಳಬೇಕಾಯಿತು.

ಇದಕ್ಕಿಂತ ಕ್ರೂರವಾದ ಮಾತುಗಳೂ ಹುಟ್ಟಿದವು. ಗದಗ ಸೀಮೆಯಿಂದ ಗೋವೆ, ಮಂಗಳೂರು, ಮುಂಬಯಿಗಳಿಗೆ ದುಡಿಯಲು ಹೋಗುವ ಕುಟುಂಬಗಳು ಬಹಳ. 2020ರ ಬೇಸಗೆಯಲ್ಲಿ ಅವರು ಗಂಟುಮೂಟೆ ಹೊತ್ತು ತಮ್ಮ ಊರಿಗೆ ಮರಳುವಷ್ಟರಲ್ಲಿ, ಸುದ್ದಿಯವರ ಬಾಯಲ್ಲಿ ‘ಮುಂಬೈ ನಂಜು’, ‘ದೆಹಲಿ ನಂಜು’ ಎಂಬ ಮಾತುಗಳು ಅವರಿಗಿಂತ ಮುಂಚೆಯೇ ಊರು ಸೇರಿದ್ದವು. ನಂಜೆಂದರೆ ವಿಷ. ರೋಗಕ್ಕೆ ಊರಿನ ಹೆಸರು ಅಂಟಿತೆಂದರೆ ಆ ಊರಿನಿಂದ ಬಂದವನಿಗೂ ಅದು ಅಂಟುವದು. ಹೆತ್ತ ಊರಿನ ಅಗಸೆಯಲ್ಲಿ ನಿಲ್ಲಿಸಲ್ಪಟ್ಟವನಿಗೆ ಜ್ವರಕ್ಕಿಂತ ಈ ಮಾತೇ ಹೆಚ್ಚು ಸುಟ್ಟಿರಬೇಕು.

‘ಸೋಂಕು’ ಎಂಬ ಶಬ್ದದ ಗತಿಯನ್ನೂ ನೋಡಬಹುದು. ಹಳೆಯ ಕನ್ನಡದಲ್ಲಿ ಸೋಂಕೆಂದರೆ ಸ್ಪರ್ಶ. ತಂಗಾಳಿಯ ಸೋಂಕು, ಕೂಸಿನ ಮೈಸೋಂಕು. ಕೋವಿಡ್ಡಿನ ಕಾಲದಲ್ಲಿ ದಿನದಿನವೂ ‘ಸೋಂಕಿತರ ಸಂಖ್ಯೆ’ ಎಂದು ಕೇಳಿ ಕೇಳಿ, ಆ ಮೃದುವಾದ ಶಬ್ದದಲ್ಲಿ ಭಯವೇ ಉಳಿಯಿತು. ‘ಸಾಮಾಜಿಕ ಅಂತರ’ವೆಂಬ ಅನುವಾದವಂತೂ ಈ ನಾಡಿನಲ್ಲಿ ಬೇರೆಯೇ ಗಾಯವನ್ನು ಮುಟ್ಟಿತು. ಶತಮಾನಗಳಿಂದ ಕೇರಿಯ ಹೊರಗೆ ನಿಲ್ಲಿಸಲ್ಪಟ್ಟವರಿಗೆ ಸಮಾಜದ ಅಂತರವು ಹೊಸ ಔಷಧವಾಗಿರಲಿಲ್ಲ. ‘ದೈಹಿಕ ಅಂತರ’ವೆನ್ನುವದೇ ಸರಿಯೆಂದು ಜಾಗತಿಕ ಆರೋಗ್ಯ ಸಂಸ್ಥೆಯು 2020ರ ಮಾರ್ಚಿನಲ್ಲಿಯೇ ಹೇಳಿತು, ಅಷ್ಟರಲ್ಲಿ ಗೋಡೆಗಳ ಮೇಲೆ ಮೊದಲಿನ ಮಾತೇ ಬರೆದಾಗಿದ್ದಿತು.

ಲಾಕ್‌ಡೌನಿನ ಕಾಲದಲ್ಲಿ ಕೂಲಿ ನಿಂತ ಮನೆಗಳಿಗೆ 2020ರ ಏಪ್ರಿಲದಿಂದ ತಲೆಗೆ 5 ಕಿಲೋದಂತೆ ಉಚಿತವಾದ ಹೆಚ್ಚಿನ ಧಾನ್ಯವನ್ನು ಕೇಂದ್ರ ಸರಕಾರವು ಕೊಡತೊಡಗಿತು. ಕಾಗದದಲ್ಲಿ ಅದು ‘ಪಡಿತರ’. ಕೊಡುವ ಸ್ಥಳವು ‘ನ್ಯಾಯಬೆಲೆ ಅಂಗಡಿ’. ಕರ್ನಾಟಕದ ಅನೇಕ ಊರುಗಳ ಹೆಂಗಸರು ಈ ಎರಡೂ ಹೆಸರುಗಳನ್ನು ಬಳಸಲಿಲ್ಲ. ಚೀಲ ಹಿಡಿದು ‘ಸೊಸೈಟಿ’ಗೆ ಹೋದರು, ‘ಸೊಸೈಟಿ ಅಕ್ಕಿ’ ತಂದರು, ಅದರ ಅನ್ನ ಮಾಡಿ ಉಣಬಡಿಸಿದರು. ಬರ, ಪ್ಲೇಗುಗಳಿಂದ ಬಸವಳಿದ ರೈತರು ನೂರ ಹದಿನೈದು ವರ್ಷಗಳ ಹಿಂದೆ ಕಣಗಿನಹಾಳದಲ್ಲಿ ತಮ್ಮದನ್ನಾಗಿ ಮಾಡಿಕೊಂಡ ಆ ಶಬ್ದವು ಮತ್ತೊಂದು ಮಹಾಮಾರಿಯ ದಿನಗಳಲ್ಲಿ ಹಸಿದವರ ಬಾಯಲ್ಲಿದ್ದಿತು.

ಆಜ್ಞೆಯೊಡನೆ ಬಂದ ಮಾತುಗಳು ಆಜ್ಞೆಯೊಡನೆ ಹಿಂದಕ್ಕೆ ಸರಿದವು. ಸೀಲ್‌ಡೌನಿನ ತಡೆಗಂಬಗಳು ಹೋದ ಬಳಿಕ ಆ ಶಬ್ದವನ್ನು ಕರೆಯುವವರೂ ವಿರಳರಾದರು. ದೂಷಣೆಯ ಮಾತುಗಳು ಬೇರೆ ಹೆಸರಿನಿಂದ ಮತ್ತೆ ಹುಟ್ಟಬಲ್ಲವು. 1918ರಲ್ಲಿ ಹುಟ್ಟಿದವು, 2020ರಲ್ಲಿಯೂ ಹುಟ್ಟಿದವು. ಆದುದರಿಂದ ಅವು ಯಾರನ್ನು ನೋಯಿಸಿದವೆಂಬದನ್ನು ನೆನಪಿನಲ್ಲಿ ಇಟ್ಟುಕೊಳ್ಳುವದು ಲೇಸು. ಒಬ್ಬರಿಗೊಬ್ಬರು ಜಾಮೀನು ನಿಂತ ರೈತರ ಸಂಘದ ಹೆಸರಾಗಿ ನೆಲೆಯೂರಿದ ಪರಭಾಷೆಯ ಶಬ್ದವು ಮಾತ್ರ ಪರದೇಶಿಯಾಗಿ ಉಳಿಯದೆ ಮನೆಮಾತಾಯಿತು.